ಎಪ್ಪತ್ತೆರಡು ಪ್ಲಗ್‌ಗಳ ಬಾಸಿಲಿಯಾ

ಬೆಳಗಿನ ಐದು ಗಂಟೆ. ಎಲ್ ಆಲ್ತೊ ವಿಮಾನ ನಿಲ್ದಾಣದ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಬಾಸಿಲಿಯಾ ಲಿಮಾಚಿ ಮಾಂಸದ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿಕೊಂಡು ಕೂತಿದ್ದಾರೆ. ಹೊರಗೆ ನಿಂತ ವಿಮಾನದ ರೆಕ್ಕೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿದೆ. ಅವರೆದುರಿನ ಮರದ ಹಲಗೆಯಲ್ಲಿ ಮೂವತ್ತಾರು ತೂತುಗಳು, ಒಂದೊಂದಕ್ಕೂ ಬಣ್ಣದಲ್ಲಿ ಬರೆದ ನಂಬರು, ಒಂದೊಂದರಲ್ಲೂ ಒಂದು ಸ್ಪಾರ್ಕ್ ಪ್ಲಗ್. ಒಂದನ್ನು ಎತ್ತುತ್ತಾರೆ, ಬಾಗಿದ ಸೂಜಿಯಿಂದ ಒಳಗೆ ಕಚ್ಚಿಕೊಂಡ ಸೀಸದ ಕಾಳುಗಳನ್ನು ಕೆದಕುತ್ತಾರೆ, ಬ್ರಷ್ಷಿನಲ್ಲಿ ಉಜ್ಜಿ, ಪೆಟ್ರೋಲಿನಲ್ಲಿ ಅದ್ದಿ, ಒರೆಸಿ, ಮತ್ತೆ ಅದೇ ತೂತಿಗೆ ಇಡುತ್ತಾರೆ. ತಲೆಯ ಮೇಲಿನ ಗುಂಡು ಟೋಪಿ ಅಲುಗುವುದಿಲ್ಲ. ಕೆನ್ನೆಯಲ್ಲಿ ಕೋಕಾ ಎಲೆಯ ಉಂಡೆ.

“ಮುಖ ನೋಡಿದ್ರೆ ಮನುಷ್ಯ ಉಂಡಿದಾನೋ ಇಲ್ವೋ ಗೊತ್ತಾಗಲ್ವಾ? ಇದೂ ಹಂಗೇ,” ಎನ್ನುತ್ತಾರೆ. “ಕಂದು ಬಣ್ಣ ಇದ್ರೆ ಸಿಲಿಂಡರ್ ಆರಾಮಾಗಿದೆ. ಕರ್ರಗೆ ಜಿಡ್ಡಾಗಿದ್ರೆ ಎಣ್ಣೆ ಕುಡೀತಿದೆ, ಭಾನುವಾರ ನಮ್ಮ ಹಮಾಲರು ಕುಡಿಯೋ ಹಂಗೆ.”

ಬೇನಿ ಬಯಲಿನಿಂದ ಹಿಮಪರ್ವತಗಳನ್ನು ದಾಟಿಸಿ ದನದ ಮಾಂಸ ತರುವ ಕಂಪನಿಗಳು ಒಂದು ಕಾಲಕ್ಕೆ ಇಲ್ಲಿ ಆರಿದ್ದವು. ಈಗ ಉಳಿದಿರುವುದು ಒಂದು, ಹಾರುವ ವಿಮಾನವೂ ಒಂದೇ. ಅದಕ್ಕೆ ಎರಡು ಇಂಜಿನ್. ಒಂದೊಂದರಲ್ಲೂ ಎರಡು ಸುತ್ತು ಜೋಡಿಸಿದ ಹದಿನೆಂಟು ಸಿಲಿಂಡರ್, ಸಿಲಿಂಡರಿಗೆ ಎರಡು ಪ್ಲಗ್, ಎರಡು ಸಾವಿರ ಕುದುರೆಗಳ ಬಲ. ಮೂರು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಈ ಎತ್ತರದಲ್ಲಿ ಐದು ಟನ್ ಮಾಂಸ ಹೊರಲು ಅದಕ್ಕಿಂತ ಸಣ್ಣ ಇಂಜಿನ್‌ನಿಂದ ಆಗದ ಮಾತು. ಜೆಟ್ ಬಂದಮೇಲೆ ಅಂಥವನ್ನು ಯಾರೂ ಮಾಡಲಿಲ್ಲ. ಪಿಸ್ಟನ್ ಇಂಜಿನ್‌ಗಳಲ್ಲಿ ಅವುಗಳನ್ನೂ ಮೀರಿದ ಇಪ್ಪತ್ತೆಂಟು ಸಿಲಿಂಡರಿನ ದೈತ್ಯ ಒಂದಿತ್ತು ಎಂದು ಮೆಕ್ಯಾನಿಕ್ ಇಲಾರಿಯೊ ಒಮ್ಮೆ ಹೇಳಿದ್ದರಂತೆ. “ನಾಲ್ಕು ಇಂಜಿನ್ನಿಗೆ ಇನ್ನೂರ ಇಪ್ಪತ್ನಾಲ್ಕು ಪ್ಲಗ್! ಕುದುರೆ ಬಲ ಎಷ್ಟು ಅಂತ ಎಲ್ರೂ ಕೇಳ್ತಾರೆ, ಅಲ್ಲೂ ನನ್ನಂಥವಳೊಬ್ಬಳು ಕೂತಿದ್ದಿರ್ಬೇಕು ಅಂತ ಯಾರಿಗೂ ಹೊಳೆಯಲ್ಲ,” ಎಂದು ಬಾಸಿಲಿಯಾ ಸೂಜಿ ಒರೆಸಿಕೊಳ್ಳುತ್ತಾರೆ.

ಅವರಿಗೀಗ ಐವತ್ನಾಲ್ಕು. ಗಂಡ ಪ್ಲಾಸಿದೊ ವಿಮಾನದಲ್ಲೇ ಹೋಗಿ ಬರುವ ಮೆಕ್ಯಾನಿಕ್ ಆಗಿದ್ದ. ಅವನಿಗೆ ಬುತ್ತಿ ತರುತ್ತ ತರುತ್ತ ಈ ಪೆಟ್ಟಿಗೆಯ ಮೇಲೆ ಕೂತವರು ಇಪ್ಪತ್ತಾರು ವರ್ಷ ಏಳಲೇ ಇಲ್ಲ. ಒಂದು ಪ್ಲಗ್‌ಗೆ ನಾಲ್ಕು ನಿಮಿಷ, ಒಂದು ಇಂಜಿನ್‌ಗೆ ಎರಡೂವರೆ ತಾಸು. ಹಿಂದಿನ ಸಂಜೆ ಎಡದ್ದು, ಬೆಳಗಾಗೆದ್ದು ಬಲದ್ದು. ಇಂಥ ಇಂಜಿನ್‌ಗೆ ಸೀಸ ಬೆರೆಸಿದ ಪೆಟ್ರೋಲೇ ಆಗಬೇಕು, ಆ ಸೀಸದ ಧೂಳು ಹೋಗಿ ಸೇರಿದ್ದು ಬಾಸಿಲಿಯಾರ ರಕ್ತಕ್ಕೆ. ಆಸ್ಪತ್ರೆಯವರು ಕೆಲಸ ಬಿಡು ಎಂದು ನಾಲ್ಕು ವರ್ಷವಾಯಿತು. ಬೆರಳುಗಳು ನಡುಗುತ್ತವೆ, ಬಲಗೈಯ ಎರಡಕ್ಕೆ ಬಿಸಿ ತಣ್ಣಗೆ ಗೊತ್ತಾಗುವುದಿಲ್ಲ. ಬಿಟ್ಟರೆ ಹೊಟ್ಟೆಗೇನು ಎಂಬುದನ್ನು ಆಸ್ಪತ್ರೆಯವರು ಹೇಳಲಿಲ್ಲ.

ಹದಿನೇಳು ವರ್ಷದ ಹಿಂದಿನ ಒಂದು ಬೆಳಗ್ಗೆ ಈ ಹಲಗೆ ಅವರ ಕಾಲಿಗೆ ತಾಗಿ ಉರುಳಿತು. ಇನ್ನೂ ಉಜ್ಜದ ಮೂವತ್ತಾರು ಪ್ಲಗ್ ನೆಲದ ಪಾಲು. ಬೈಗುಳಕ್ಕೆ ಹೆದರಿ ಅಂದಾಜಿನ ಮೇಲೆ ತೂತು ತುಂಬಿಸಿದರು. ಒಂದರ ತುದಿಯಲ್ಲಿ ಬೂದು ಬಣ್ಣದ ಹೊಳೆಯುವ ಚುಕ್ಕೆಗಳಿದ್ದವು. ಅವು ಪಿಸ್ಟನ್ನಿನ ಲೋಹ, ಒಳಗೆ ಎಲ್ಲೋ ಪಿಸ್ಟನ್ ಕರಗುತ್ತಿದೆ ಎಂದರ್ಥ. ಅದು ಕೂತಿದ್ದು ಆರನೇ ನಂಬರಿನ ತೂತಿನಲ್ಲಿ; ಆರನೇದರಲ್ಲಿ ಲೋಹ ಎಂದು ಹೇಳಿದರು. ಆರನೇ ಸಿಲಿಂಡರ್ ಬಿಚ್ಚಿ ನೋಡಿದರೆ ಪಿಸ್ಟನ್ ಕನ್ನಡಿಯ ಹಾಗಿತ್ತು. ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ನಕ್ಕವನು ಪ್ಲಾಸಿದೊ. ಆ ಮಧ್ಯಾಹ್ನ ವಿಮಾನ ಕಣಿವೆಯಲ್ಲಿ ಬಿತ್ತು. ಅದರಲ್ಲಿ ಅವನೂ ಇದ್ದ.

“ಹಲಗೆ ಬಿದ್ದಿತ್ತು ಅಂತ ಒಂದು ಮಾತು ಹೇಳಿದ್ರೆ ಹದಿನೆಂಟೂ ಬಿಚ್ಚಿರೋರು,” ಎನ್ನುತ್ತಾರೆ ಬಾಸಿಲಿಯಾ. “ಬೈಸ್ಕೋಬೇಕಲ್ಲ ಅಂತ ಸುಮ್ನಾದೆ. ಮಣ್ಣು ಮಾಡಿದ ದಿನಾನೂ ಹೇಳಲಿಲ್ಲ. ಎಲ್ರೂ ಇಂಜಿನ್ನನ್ನ ಬೈದ್ರು, ನಾನೂ ಬೈದೆ.”

ಇವತ್ತು ಏಳು ಗಂಟೆಗೆ ಸ್ವಲ್ಪ ಮೊದಲು ಅವರ ಕೈ ನಿಲ್ಲುತ್ತದೆ. ಪ್ಲಗ್ಗನ್ನು ಬೆಳಕಿಗೆ ಹಿಡಿಯುತ್ತಾರೆ. ಸೂಜಿಯಿಂದ ಕೆದಕುತ್ತಾರೆ, ಮತ್ತೆ ಹಿಡಿಯುತ್ತಾರೆ.

“ಮಾಯೆಸ್ತ್ರೊ, ಬಲದ್ದು ಹನ್ನೊಂದು. ಲೋಹ.”

ಮೇಸ್ತ್ರಿ ಇಲಾರಿಯೊ ಬಂದು ನೋಡಿ ಮಾಲೀಕರನ್ನು ಕರೆತರುತ್ತಾರೆ. ದೋನ್ ಗುವಾಲ್ಬೆರ್ತೊ ಕೆಟ್ಟ ಮನುಷ್ಯರೇನಲ್ಲ. ಆದರೆ ಬಿಡಿಭಾಗ ಎಲ್ಲೂ ಇಲ್ಲ, ಮೂಲೆಯಲ್ಲಿ ನಿಂತ ಹಳೆಯ ವಿಮಾನದಲ್ಲಿದ್ದುದೆಲ್ಲ ಈಗಾಗಲೇ ಇದರ ಮೈ ಸೇರಿದೆ. ಈ ಇಂಜಿನ್ ಹೋದರೆ ಕಂಪನಿ ಹೋಯಿತು, ಹದಿನೆಂಟು ಮನೆಗಳ ಒಲೆ ಹೋಯಿತು.

“ಮಾಮಿತಾ, ಇನ್ನೊಂದ್ಸಲ ನೋಡಮ್ಮ. ನಿನ್ನ ಕೈ ನಡುಗುತ್ತೆ, ಕಣ್ಣು ಮೊದಲಿನಂತಿಲ್ಲ. ಸೀಸ ಇರ್ಬಹುದು.”

“ಸೀಸ ಸೂಜಿಗೆ ಉದುರುತ್ತೆ ದೋನ್ ಗುವಾಲ್ಬೆರ್ತೊ. ಇದು ಉದುರ್ತಿಲ್ಲ.”

“ಆವತ್ತೂ ನೀನು ಹಿಂಗೇ ಹೇಳಿದ್ದೆ. ಆರನೇದು ಸರಿಯಾಗಿತ್ತು.”

“ಆವತ್ತು ಹಲಗೆ ಬೀಳಿಸಿದ್ದೆ. ನಂಬರು ನಾನೇ ಅಂದಾಜು ಮಾಡಿ ಇಟ್ಟಿದ್ದು. ಇವತ್ತು ಬೀಳಿಸಿಲ್ಲ.”

ಹದಿನೇಳು ವರ್ಷ ಬಾಯಿಗೆ ಬಾರದ ಮಾತು ಇಷ್ಟು ಸಲೀಸಾಗಿ ಬಂದದ್ದು ಬಾಸಿಲಿಯಾರಿಗೇ ನಂಬಿಕೆಯಾಗದೆ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ನಡುವೆ ಬಾಯಿ ಹಾಕುವವರು ಪೈಲಟ್ ಸುವಾರೆಸ್. “ಇವತ್ತೊಂದು ಟ್ರಿಪ್ ಹೋಗ್ಬರ್ತೀವಿ. ಅಲ್ಲಿ ಮಾಂಸ ಕೊಳೀತಾ ಬಿದ್ದಿದೆ. ನಾಳೆ ಬಿಚ್ಚೋಣ.”

“ಹೋಗಿ ಕ್ಯಾಪ್ಟನ್. ಬೇರೆ ಪ್ಲಗ್ ಹಾಕ್ಕೊಂಡು ಹೋಗಿ,” ಎನ್ನುತ್ತಾರೆ ಬಾಸಿಲಿಯಾ. “ಮೊದಲು ಹಾರೋ ಮೂರೂ ಜನ ನಿಮ್ನಿಮ್ಮ ಹೆಂಡ್ತೀರಿಗೆ ಫೋನ್ ಮಾಡಿ. ಬಾಸಿಲಿಯಾ ಬೇಡ ಅಂದ್ಲು, ಆದ್ರೂ ಹೊರಟ್ವಿ ಅಂತ ಹೇಳಿ. ಆಮೇಲೆ ಹತ್ತಿ.”

ಯಾರೂ ಫೋನ್ ಮಾಡುವುದಿಲ್ಲ. ಹತ್ತೂವರೆಗೆ ಇಲಾರಿಯೊ ಹನ್ನೊಂದನೇ ಸಿಲಿಂಡರನ್ನು ಎಳೆದು ತೆಗೆಯುತ್ತಾರೆ. ಪಿಸ್ಟನ್ನಿನ ಒಂದು ಅಂಚು ಇಲಿ ತಿಂದ ರೊಟ್ಟಿಯ ಹಾಗಿದೆ. ಅದರ ಪುಡಿ ಎಣ್ಣೆಯ ಜೊತೆ ಇಂಜಿನ್ನಿನ ಮೈಯೆಲ್ಲ ಸುತ್ತಿಯಾಗಿದೆ, ಇಂಜಿನ್ನೇ ಹೋಯಿತು. ವಿಮಾನ ಪರ್ವತದವರೆಗೂ ಹೋಗುತ್ತಿರಲಿಲ್ಲ ಎಂದು ಇಲಾರಿಯೊ ಹೇಳುತ್ತಾರೆ, ಹೇಳಿ ಕೈ ತೊಳೆಯಲು ಹೋಗುತ್ತಾರೆ. ಉಳಿದ ಪ್ಲಗ್‌ಗಳನ್ನು ಬಾಸಿಲಿಯಾ ಉಜ್ಜಿ ಮುಗಿಸುತ್ತಾರೆ. ಯಾವ ಇಂಜಿನ್‌ಗೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ.

ಅದಾಗಿ ಮೂರು ತಿಂಗಳು. ಶೆಡ್ಡಿಗೆ ಬೀಗ ಬಿದ್ದಿದೆ. ಮಾಂಸ ಲಾರಿಯಲ್ಲಿ ಬರುತ್ತಿದೆ, ಊರಿಗೆ ಏನೂ ಕೊರತೆಯಾಗಿಲ್ಲ. ಪ್ಲಗ್ ಉಜ್ಜುವುದೊಂದನ್ನೇ ಬಲ್ಲ ಹೆಂಗಸಿಗೆ ಕೆಲಸ ಕೊಡುವವರಿಲ್ಲ. ಪಕ್ಕದ ಊಟದಂಗಡಿಯಲ್ಲಿ ಆಲೂಗಡ್ಡೆ ಸುಲಿಯಲು ಹೋಗಿದ್ದರು, ಚಾಕು ಕೈಯಲ್ಲಿ ನಿಲ್ಲದೆ ನಾಲ್ಕನೇ ದಿನಕ್ಕೆ ವಾಪಸು ಬಂದರು. ಸಂತೆಯಲ್ಲಿ ಹಮಾಲರ ಹೆಂಡತಿಯರು ಮುಖ ತಿರುಗಿಸುತ್ತಾರೆ. ಹಲಗೆಯ ಸಂಗತಿ ತಿಳಿದ ಮೇಲೆ ಪ್ಲಾಸಿದೊನ ಅಣ್ಣ ಬಾಗಿಲಿಗೆ ಬಂದು ಉಗಿದು ಹೋಗಿದ್ದಾನೆ. ಹೋಗಲಿ ಬಿಡಿ ಎಂದು ಸಮಾಧಾನ ಹೇಳಲು ಇಲ್ಲಿ ಏನೂ ಉಳಿದಿಲ್ಲ.

ಸುವಾರೆಸ್ ಈಗ ಟ್ಯಾಕ್ಸಿ ಓಡಿಸುತ್ತಾರೆ. ಬಸ್‌ಸ್ಟಾಪಿನಲ್ಲಿ ಬಾಸಿಲಿಯಾರನ್ನು ಕಂಡರೂ ಗಾಡಿ ನಿಲ್ಲಿಸುವುದಿಲ್ಲ. ಅಂದು ಹಾರಬೇಕಿದ್ದ ಇನ್ನಿಬ್ಬರು ಬೀದಿಯಲ್ಲಿ ಅವರನ್ನು ನೋಡಿದರೆ ದೊಡ್ಡದಾಗಿಯೇ ಬೈದು ಮುಂದೆ ಹೋಗುತ್ತಾರೆ. ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ ಬಾಸಿಲಿಯಾ ಶಾಲು ಎಳೆದುಕೊಳ್ಳುತ್ತಾರೆ.

“ಆಗುತ್ತೆ, ಯಾಕಾಗಲ್ಲ? ಮನೆಗೆ ಬಂದು ಅಳ್ತೀನಿ. ಆದ್ರೆ ಬೈಲಿ. ಬೈಯೋಕೆ ಮೂವರಿಗೂ ಬಾಯಿ ಇದೆಯಲ್ಲ.”