ಅವಳ ಕಿವಿಗಾಗಿ ಒಂದು ಬೆಸುಗೆಕಡ್ಡಿ

ಎತ್ತು ಕೊಳ್ಳುವವರು ಹಲ್ಲು ನೋಡಿ ಕೊಳ್ಳುತ್ತಾರೆ. ತವರ ಕರಗಿಸಿ ತಂತಿಗೆ ತಂತಿ ಕೂಡಿಸುವ ಬೆಸುಗೆಕಡ್ಡಿಗೆ ಹಾಗೆ ನೋಡಲು ಏನೂ ಇರುವುದಿಲ್ಲ, ಕೆಲಸಕ್ಕೆ ಹಚ್ಚಿದ ಮೇಲೆಯೇ ಅದರ ಬಂಡವಾಳ ಬಯಲಾಗುವುದು. ಒಳ್ಳೆಯದೊಂದು ಕೈಗೆ ಸಿಗುವಷ್ಟರಲ್ಲಿ ನಾನು ಯಾದಗಿರಿ, ಸುರಪುರ ಎಂದು ತಿರುಗಿ ತಿರುಗಿ ಸಾಕಾಗಿದ್ದೆ.

ಆಗ ನಿಜಾಮರ ರಾಜ್ಯ ಮುಗಿಯುತ್ತ ಬಂದಿತ್ತು. ನಾನು ಶಹಾಪುರದಲ್ಲಿ ಮಾಸ್ತರ. ಹಗಲು ಹುಡುಗರಿಗೆ ಉರ್ದುವಿನಲ್ಲಿ ಲೆಕ್ಕ ಹೇಳಿಕೊಡುವುದು, ಸಂಜೆ ಪಡಸಾಲೆಯಲ್ಲಿ ತಂತಿ, ಸುರುಳಿ, ಹಳೆಯ ರೇಡಿಯೊದ ಸಾಮಾನು ಹರಡಿಕೊಂಡು ಕೂಡುವುದು. ಹುಚ್ಚು ಎಂದರೆ ಹುಚ್ಚೇ. "ರೊಟ್ಟಿ ಆರಾಕತ್ತಾವ್ರಿ, ಆ ತಂತಿ ಎಲ್ಲಿಗೂ ಓಡಿ ಹೋಗಂಗಿಲ್ಲ" ಎಂದು ಹೆಂಡತಿ ಒಳಗಿನಿಂದ ಕೂಗುತ್ತಿದ್ದಳು. ನಾನು ಕೇಳಿಸಿದರೂ ಕೇಳಿಸದವನಂತೆ ಇರುತ್ತಿದ್ದೆ.

ಚೊಚ್ಚಲ ಹೆರಿಗೆಗೆ ಅವಳು ದೋರನಹಳ್ಳಿಯ ತವರಿಗೆ ಹೋದಳು. ಹೆರುವ ಹೊತ್ತಿಗೇ ಜ್ವರ ಏರಿ ಮೈಮೇಲೆ ಎಚ್ಚರವಿಲ್ಲದೆ ಮಲಗಿಬಿಟ್ಟಳು. ಅಷ್ಟರಲ್ಲಿ ಕೂಸು ತೀರಿಕೊಂಡಿತು. ಅವಳು ಕಣ್ಣು ತೆರೆಯುವ ಹೊತ್ತಿಗೆ ನಾನು ಅದನ್ನು ಮಣ್ಣು ಮಾಡಿ ಬಂದಾಗಿತ್ತು. ಅವಳು ತನ್ನ ಮಗುವಿನ ಮುಖ ನೋಡಲೇ ಇಲ್ಲ. ಜ್ವರ ಇಳಿಯಿತು, ಆದರೆ ಹೋಗುವಾಗ ಎರಡೂ ಕಿವಿ ಒಯ್ದಿತು.

ಮನೆಗೆ ಬಂದ ಮೇಲೆ ಕೂಸಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಿದ್ದಳು. ಬಾವಿಕಟ್ಟೆಯಲ್ಲಿ ಯಾರೋ ಕೆಪ್ಪಿ ಎಂದರಂತೆ. ಅದನ್ನೂ ತುಟಿ ನೋಡಿಯೇ ತಿಳಿದಳು. ಅಂದಿನಿಂದ ನೀರಿಗೆ ಹೋಗುವುದನ್ನೇ ಬಿಟ್ಟಳು. ನನಗೆ ಮೈ ಉರಿದುಹೋಯಿತು.

ಆಗ ನನಗೊಂದು ಯುಕ್ತಿ ಹೊಳೆಯಿತು. ಹಳೆಯ ಟೆಲಿಫೋನಿನ ಮಾತಾಡುವ ಡಬ್ಬಿ ನನ್ನ ಬಳಿ ಇತ್ತು, ಹೆಡ್‌ಫೋನೂ ಇತ್ತು. ನಡುವೆ ಬ್ಯಾಟರಿ ಜೋಡಿಸಿದರೆ ಇಲ್ಲಿ ಆಡಿದ ಮಾತು ಅಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ಅವಳ ಕಿವಿ ಎಲ್ಲೋ ಒಂದಿಷ್ಟು ಉಳಿದಿದ್ದರೆ ನನ್ನ ದನಿ ಒಳಗೆ ಹೋದೀತು. ಆದರೆ ತಂತಿಗಳನ್ನು ಬರಿಗೈಯಲ್ಲಿ ಹೊಸೆದರೆ ಬರೀ ಚರಚರ ಸದ್ದು. ಬೆಸುಗೆಯೇ ಆಗಬೇಕು.

ಯಾದಗಿರಿಯಲ್ಲಿ ತಗಡಿನ ಕೆಲಸ ಮಾಡುವವನೊಬ್ಬನ ಕಡ್ಡಿ ಕೇಳಿ ತಂದೆ. ಅದರ ತಾಮ್ರದ ತಲೆ ಮುಷ್ಟಿಯಷ್ಟಿತ್ತು. ಕೂದಲಿನಂಥ ತಂತಿಗೆ ಮುಟ್ಟಿಸಿದ್ದೇ ತಡ, ತಂತಿಗೆ ಸುತ್ತಿದ್ದ ನೂಲು ಸುಟ್ಟು ಮನೆಯೆಲ್ಲ ಕಮಟು ನಾತ. ಆಮೇಲೆ ಹೈದರಾಬಾದಿಗೆ ಹೊರಟಿದ್ದ ಗೆಳೆಯನಿಗೆ "ಇದ್ದುದರಲ್ಲಿ ಒಳ್ಳೆಯದು ತಾ" ಎಂದೆ. ಅವನು ತಂದದ್ದು ಕರೆಂಟಿನ ಕಡ್ಡಿ. ನಮ್ಮೂರಿನಲ್ಲಿ ಕರೆಂಟೇ ಇರಲಿಲ್ಲ. ಅದನ್ನು ಅವನೂ ಯೋಚಿಸಲಿಲ್ಲ, ಜಾಣ ಮಾಸ್ತರ ನಾನೂ ಹೇಳಿ ಕಳಿಸಲಿಲ್ಲ. ಹೆಂಡತಿ ಅದರ ಉದ್ದನೆಯ ವಯರು ಎತ್ತಿ ಹಿಡಿದು ನೋಡಿದಳು.

"ಇದರ ಬಾಲಾ ಎಲ್ಲಿ ಸಿಗಸಬೇಕ್ರಿ, ದನದ ಕೊಟಗ್ಯಾಗೇನು?"

ಕೂಸು ಹೋದ ಮೇಲೆ ಅವಳು ನಕ್ಕದ್ದು ಅಂದೇ. ನಾನೂ ನಕ್ಕೆ.

ಕೊನೆಗೆ ಸುರಪುರದಲ್ಲಿ ತಾಮ್ರದ ಕೆಲಸದವನ ಮುಂದೆ ಕೂತು, ಹೆಬ್ಬೆರಳಿನ ಗೆಣ್ಣಿನಷ್ಟೇ ತಲೆಯ ಎರಡು ಕಡ್ಡಿ ಬೇಕು, ಒಂದು ಸಿಗಡಿಯ ಕೆಂಡದಲ್ಲಿ ಕಾಯುತ್ತಿದ್ದರೆ ಇನ್ನೊಂದು ಕೈಯಲ್ಲಿರಬೇಕು ಎಂದು ಹೇಳಿದೆ.

"ಏನ್ ಇರುವಿ ಕಾಲಿಗೆ ಬೆಸುಗಿ ಹಾಕ್ತೀರೇನ್ರಿ ಮಾಸ್ತರ್ರ?" ಎಂದು ಆತ ನಗುತ್ತಲೇ ಮಾಡಿಕೊಟ್ಟ. ಒಂದು ಬೆಸುಗೆ ಮುಗಿಯುವ ತನಕ ಕಾವು ಹಿಡಿಯುತ್ತಿತ್ತು, ತಂತಿಯನ್ನು ಸುಡುತ್ತಿರಲಿಲ್ಲ. ಅಂಥ ಕಡ್ಡಿಯನ್ನು ನಾನು ಮತ್ತೆ ಹಿಡಿದದ್ದಿಲ್ಲ.

ಬೆಸುಗೆ ಮುಗಿಸಿ ಅವಳ ಕಿವಿಗೆ ಹೆಡ್‌ಫೋನು ಹಾಕಿದೆ. ಡಬ್ಬಿಯನ್ನು ಬಾಯಿಗೆ ಹಿಡಿದು "ಕೇಳಸ್ತದೇನು?" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

"ಹೂಂನ್ರಿ. ಕೇಳಸ್ತದ."

ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅಂದಿನಿಂದ ದಿನವೂ ಸಂಜೆ ಮಾತು. ಶಾಲೆಯ ಸುದ್ದಿ, ಊರಿನ ಸುದ್ದಿ, ಯಾವುದಾದರೂ ಸರಿ. ಡಬ್ಬಿ ಬಾಯಿಗೆ ಅಡ್ಡ ಇದ್ದುದರಿಂದ ನನಗೂ ಒಂದು ಧೈರ್ಯ ಬಂದಿತ್ತು. ಒಂದು ಸಂಜೆ ಬಾಗಿಲ ಕಡೆ ಮುಖ ಮಾಡಿ ಕೂಸಿನ ಮಾತು ಹೇಳಿಬಿಟ್ಟೆ. ಹೇಗಿತ್ತು, ಹೇಗೆ ಕೈ ಮುಚ್ಚಿಕೊಂಡಿತ್ತು, ಯಾವ ಬಟ್ಟೆಯಲ್ಲಿ ಸುತ್ತಿದೆ, ಎಲ್ಲ. ಕಣ್ಣೊರೆಸಿಕೊಂಡು ತಿರುಗಿದರೆ ಅವಳು ನಗುತ್ತ ತಲೆಯಾಡಿಸುತ್ತಿದ್ದಳು. ಎಷ್ಟು ಗಟ್ಟಿ ಹೆಂಗಸು ಎಂದುಕೊಂಡೆ.

ಕೆಲವು ದಿನಗಳಾದ ಮೇಲೆ ಹಾಗೆಯೇ ಮಾತಾಡುತ್ತಿದ್ದಾಗ ಅವಳ ಕಿವಿಯ ಪಕ್ಕ ತಂತಿಯೊಂದು ಜೋತಾಡುವುದು ಕಂಡಿತು. ದಿನವೂ ಹಾಕಿ ತೆಗೆದು, ಬೆಸುಗೆಯ ಬುಡದಲ್ಲೇ ಮುರಿದಿತ್ತು. ಒಂದು ಮಾತೂ ಹೋಗುವಂತಿರಲಿಲ್ಲ. ಆದರೂ ಅವಳು ಹೂಂ, ಹೂಂ ಎನ್ನುತ್ತಲೇ ಇದ್ದಳು.

ನಾನು ಡಬ್ಬಿ ಕೆಳಗಿಟ್ಟು ಮುರಿದ ತಂತಿಯನ್ನು ಅವಳ ಕಣ್ಣ ಮುಂದೆ ಹಿಡಿದೆ. ಅವಳ ಮುಖ ಇಳಿದುಹೋಯಿತು.

"ಯಾವಾಗಿಂದ ಕೇಳಸವಲ್ದು?" ಎಂದು ನಿಧಾನವಾಗಿ ಕೇಳಿದೆ.

"ಮೊದಲನೇ ದಿನಾನೂ ಕೇಳಸಿಲ್ರಿ."

"ಮತ್ಯಾಕ ಹೂಂ ಅಂದಿ?"

"ಅವತ್ತು ನಿಮ್ಮ ಮಾರಿ ಹಂಗ ಅರಳಿತ್ತು. ಕೂಸು ಹೋದಾಗಿಂದ ಆ ಮಾರಿ ನಾ ನೋಡೇ ಇರಲಿಲ್ಲ. ಇಲ್ಲಾ ಅನ್ನಾಕ ಬಾಯಿ ಬರಲಿಲ್ಲ."

ಇನ್ನೊಬ್ಬರಾಗಿದ್ದರೆ ಸಿಟ್ಟಿಗೇಳುತ್ತಿದ್ದೆ. ನಾನು ಸಿಟ್ಟಿನ ಮನುಷ್ಯನೇ. ಅಂದು ಸಿಟ್ಟು ಬರಲಿಲ್ಲ. ಅವಳು ಹೆಡ್‌ಫೋನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಒಂದಿನ ಬಾಗಲಾ ಕಡೆ ಮಾರಿ ಮಾಡಿ ಭಾಳ ಹೊತ್ತು ಮಾತಾಡಿದ್ರಿ. ಆಮ್ಯಾಲ ಕಣ್ಣು ಒರಸಿಕೊಂಡ್ರಿ. ನಾ ಏನೂ ತಿಳೀದ ನಗಾಕತ್ತಿದ್ದೆ. ಅವತ್ತು ಏನ್ ಹೇಳಿದ್ರಿ?"

ಈಗ ಬಾಯಿಗೆ ಅಡ್ಡ ಯಾವ ಡಬ್ಬಿಯೂ ಇರಲಿಲ್ಲ. ಅವಳ ಎದುರಿಗೆ ಸರಿದು ಕೂತೆ.

"ಕೂಸಿನ ತಲಿ ತುಂಬ ಕೂದಲಿತ್ತು."

ನನ್ನ ತುಟಿ ನಡುಗಿ ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದೆ, ಆಗಲೂ ತಿಳಿಯಲಿಲ್ಲ. ನನ್ನ ತಲೆ ಮುಟ್ಟಿ ತೋರಿಸಿ, ತೋಳಿನಲ್ಲಿ ಕೂಸು ಹಿಡಿದಂತೆ ಮಾಡಿದೆ. ಆಗ ತಿಳಿಯಿತು.

"ಎಷ್ಟು ಉದ್ದ ಇತ್ರಿ?"

ನಾನು ನನ್ನ ಬೆರಳಿನ ಮೇಲೆ ಅಳತೆ ತೋರಿಸಿದೆ. ಅವಳು ಆ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಳು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದು ನಿಂತರು. ತಾನು ಅಷ್ಟು ಜೋರಾಗಿ ಅಳುತ್ತಿದ್ದೇನೆಂದು ಅವಳೊಬ್ಬಳಿಗೇ ಗೊತ್ತಿರಲಿಲ್ಲ.