ಸಂತೆಯಲ್ಲಿ ನಿಜ ಹೇಳಿದ್ದು

ನಮ್ಮ ಹಸು ನನ್ನ ಹೆಂಡತಿ ಕರೆದರೆ ಮಾತ್ರ ಹಾಲು ಕೊಡುತ್ತಿತ್ತು. ಅವಳು ತೀರಿಹೋದ ಮೇಲೆ ನಾನು ಕರೆಯಲು ಕೂತರೆ ಒದೆಯಿತು. ಕೊನೆಗೆ ಅವಳ ಹಳೇ ಸೀರೆ ಸುತ್ತಿಕೊಂಡು ಕೂತೆ. ಸುಮ್ಮನೆ ನಿಂತುಕೊಂಡಿತು. ಈ ವಯಸ್ಸಿನಲ್ಲಿ ದಿನಾ ಸೀರೆ ಸುತ್ತಿಕೊಳ್ಳಲು ನಾಚಿಕೆಯಾಗಿ, ಧನಗೆರೆಯಿಂದ ಕೊಳ್ಳೇಗಾಲದ ದನದ ಸಂತೆಗೆ ಅದನ್ನು ಹೊಡೆದುಕೊಂಡು ಹೋದೆ.

ಶಾಗ್ಯ ಅನ್ನೋ ಊರಿನವನೊಬ್ಬ ಬಂದು ಕೆಚ್ಚಲು ಮುಟ್ಟಿ ನೋಡಿದ.

"ಒದೀತದಾ, ಅಣ್ಣ?"

"ಊ ಕಣಪ್ಪ, ಒದೀತದೆ. ನಮ್ಮೋಳ ಸೀರೆ ಸುತ್ಕಂಡ್ರೆ ಒದಿಯಲ್ಲ. ಹಸ ತಕಂಡ್ರೆ ಸೀರೇನೂ ಕೊಡ್ತೀನಿ."

"ತಮಾಷೆ ಬ್ಯಾಡ. ಮಾದಪ್ಪನ ಮೇಲೆ ಆಣೆ ಇಡು."

ಇಟ್ಟೆ. ಅವನ ಮುಖ ಇನ್ನೂ ಗಂಟಾಯಿತು. ಜೊತೆಗಿದ್ದವನಿಗೆ ಹೇಳಿದ, "ಲೇ, ತನ್ನ ಹಸ ಒದೀತದೆ ಅಂತ ಆಣೆ ಇಡೋನ್ನ ನಾ ಕಂಡೇ ಇಲ್ಲ. ಇದ್ಕಿಂತ ದೊಡ್ಡದೇನೋ ಮುಚ್ಚಿಡ್ತಾವ್ನೆ ಕಣ್ಲಾ."

ಪಕ್ಕದಲ್ಲಿ ಹಸು ಮಾರುತ್ತಿದ್ದವನು ಕರೆದ. "ನಮ್ದು ನೋಡಿ ಸಾ, ದೇವ್ರಂತ ಹಸ!"

ಆ ದೇವರು ಬೆಳಿಗ್ಗೆ ಅವನನ್ನೇ ಒದ್ದದ್ದನ್ನು ನಾನು ನೋಡಿದ್ದೆ. ಶಾಗ್ಯದವನು ಆಣೆ ಕೇಳದೆ ಅದನ್ನೇ ಕೊಂಡ.

ಸುಳ್ಳಿಗೆ ಆಣೆ ಬೇಕಿಲ್ಲ, ನಿಜಕ್ಕೆ ಮಾದಪ್ಪನೂ ಸಾಲದು ಅಂದುಕೊಂಡು ಊರಿಗೆ ಹೊರಟೆ. ಅವನು ನಂಬಿದ್ದರೆ ಸೀರೆಯೂ ಹೋಗುತ್ತಿತ್ತಲ್ಲ ಎಂದು ದಾರಿಯಲ್ಲಿ ಹೊಳೆಯಿತು. ಆಮೇಲೆ ಬೇಗ ಬೇಗ ನಡೆದೆ.

ಮಾರನೇ ಬೆಳಿಗ್ಗೆ ಸೀರೆ ಸುತ್ತಿಕೊಂಡು ಕೂತೆ. ಹಸು ತಿರುಗಿ ನನ್ನ ಮೀಸೆಯನ್ನು ಚೆನ್ನಾಗಿ ನೋಡಿತು. ಆಮೇಲೆ ಹಾಲು ಇಳಿಸಿತು.