ಬಡವನಿಗೆ ಎರಡು ಪದ

ಐವತ್ತಾರನೆಯ ವಯಸ್ಸಿನಲ್ಲಿ, ಸುವಾರ್ತೆಯನ್ನು ಮೂಲದಲ್ಲೇ ಓದಬೇಕೆಂದು, ನನಗೆ ಗ್ರೀಕ್ ಹುಚ್ಚು ಹಿಡಿಯಿತು. ಸಂಭಾಜಿನಗರದಲ್ಲಿ ನಮ್ಮ ಬೀದರ್ ಕಡೆಯ ನಿವೃತ್ತ ಪಾಸ್ಟರೊಬ್ಬರಿದ್ದಾರೆ. ತಿಂಗಳಿಗೊಮ್ಮೆ ನಾಸಿಕದಿಂದ ಎಸ್.ಟಿ. ಬಸ್ಸು ಹತ್ತಿ ಹೋಗಿ, ಅವರೆದುರು ಕೂತು ಅಕ್ಷರ ತಿದ್ದುತ್ತಿದ್ದೆ. ಮಕ್ಕಳಿಗೆ ಕನ್ನಡವೇ ನೆಟ್ಟಗೆ ಬಾರದು, ಅಪ್ಪ ಗ್ರೀಕ್ ಕಲಿಯುತ್ತಾನೆ ಎಂದು ಹೆಂಡತಿ ಅಕ್ಕಪಕ್ಕದವರೊಡನೆ ಹೇಳಿಕೊಂಡು ನಗುತ್ತಿದ್ದಳು. ನಾನು ಕೇಳಿಯೂ ಕೇಳದವನಂತೆ ಇದ್ದೆ.

ಹೋದ ಚಳಿಗಾಲದಲ್ಲಿ ಒಂದು ಶುಕ್ರವಾರ ಪಾಸ್ಟರು ಯೇಸು ಬೆಟ್ಟದ ಮೇಲೆ ಮಾಡಿದ ಪ್ರಸಂಗದ ಮೊದಲ ಮಾತಿಗೆ ಬಂದರು, ಬಡವರನ್ನು ಧನ್ಯರೆನ್ನುವ ಮಾತು. “ಇಲ್ಲಿ ಬಡವ ಅಂದ್ರ ಯಾರು, ಹೇಳ್ರಿ ನೋಡೋಣು” ಎಂದರು. ರೊಕ್ಕ ಇಲ್ಲದವನು ಎಂದೆ. ಅವರು ಕುರ್ಚಿಯಿಂದ ಎದ್ದು, ಗೋಡೆಯ ಮೂಲೆಗೆ ಹೋಗಿ, ಮುದುಡಿ ಕೂತು, ತಲೆ ತಗ್ಗಿಸಿ ಒಂದು ಕೈ ಮುಂದೆ ಚಾಚಿದರು. ಎಂಬತ್ತರ ಹತ್ತಿರದ ಜೀವ! ಬಿದ್ದೇಬಿಟ್ಟರೆಂದು ನಾನು ಓಡಿದೆ.

“ಇವ ನೋಡ್ರಿ ಪ್ತೋಖೋಸ್” ಎಂದರು ನೆಲದಿಂದಲೇ.

ಗ್ರೀಕಿನಲ್ಲಿ ಬಡವನಿಗೆ ಇನ್ನೊಂದು ಪದವೂ ಇದೆಯಂತೆ, ಪೆನೇಸ್. ಅವನು ದಿನಾ ದುಡಿದು ತಿನ್ನುವವನು. ಕೂಡಿಟ್ಟಿದ್ದಿಲ್ಲ, ಆದರೆ ಸ್ವಂತ ಕೈ ಅವನನ್ನು ಸಾಕುತ್ತದೆ. ಪ್ತೋಖೋಸ್ ಹಾಗಲ್ಲ. ಅವನಿಗೆ ಏನೂ ಇಲ್ಲ, ಯಾರಾದರೂ ಕೊಟ್ಟರೆ ಉಂಟು. ಸುವಾರ್ತೆಯಲ್ಲಿ ಧನ್ಯನಾದವನು ಇವನೇ. ನಾವು ಇಷ್ಟು ವರ್ಷ ಇಬ್ಬರನ್ನೂ ಬಡವ ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೆವು!

ವಾಪಸು ಬರುವಾಗ ನನಗೆ ಸೀಟಿನಲ್ಲಿ ಕೂರಲಾಗಲಿಲ್ಲ. ಪಕ್ಕದಲ್ಲಿ ಯೇವಲಾದ ಸೀರೆ ವ್ಯಾಪಾರಿಯೊಬ್ಬರಿದ್ದರು. ಅವರಿಗೆ ನನ್ನ ಹರಕು ಮರಾಠಿಯಲ್ಲಿ ಎರಡೂ ಪದ ವಿವರಿಸಿದೆ. ವೈಜಾಪುರ ದಾಟುತ್ತಲೇ ಅವರು ಚೀಲ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದರು.

ನಾಸಿಕದಲ್ಲಿ ನಮ್ಮದೊಂದು ಕನ್ನಡ ಪ್ರಾರ್ಥನಾ ಕೂಟವಿದೆ. ಪ್ರತಿ ಶನಿವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಯಾರ ಪಾಳಿಯೋ ಆ ಮನೆಯವರೇ ಮೊದಲ ಪ್ರಾರ್ಥನೆ ಮಾಡಬೇಕು, ಬಂದವರಿಗೆ ಚಹಾ ತಿಂಡಿ ಕೊಡಬೇಕು. ಪಾಳಿ ಬರೆದಿಡುವ ವಹಿ ನನ್ನ ಕೈಯಲ್ಲಿ. ಕಟ್ಟಡದ ಸೈಟಿನಲ್ಲಿ ದುಡಿಯುವ ಮೂರು ಕುಟುಂಬಗಳೂ ಬಂದು ಹಿಂದೆ ಕೂರುತ್ತಿದ್ದವು. ಅವರಿಗೆ ನಾನು ಒಮ್ಮೆಯೂ ಪಾಳಿ ಹಾಕಿರಲಿಲ್ಲ. ತಗಡಿನ ಪತ್ರಾ ಹೊದಿಸಿದ ಶೆಡ್ಡಿನಲ್ಲಿ ಇಷ್ಟು ಜನರ ಉಸಾಬರಿ ಅವರಿಗೇಕೆ? ಅದು ನನ್ನ ದೊಡ್ಡ ಮನಸ್ಸು ಎಂದೇ ತಿಳಿದಿದ್ದೆ.

ಮರುದಿನದ ಪಾಳಿ ನಮ್ಮ ಮನೆಯದೇ. ಮಾತಾಡಲು ನಿಂತವನು ಆ ಎರಡು ಪದ ವಿವರಿಸಿ ಅಷ್ಟಕ್ಕೇ ನಿಲ್ಲಲಿಲ್ಲ, ಮಂಚದ ಪಕ್ಕ ಮುದುಡಿ ಕೂತು ಕೈ ಚಾಚಿ ತೋರಿಸಿದೆ. ಹೆಂಡತಿ ಬಾಯಿಗೆ ಸೆರಗು ಹಿಡಿದಳು. ಆಗ ಹಿಂದಿನಿಂದ ಒಬ್ಬಳು ಎದ್ದಳು. ಕಲಬುರಗಿ ಕಡೆಯವಳು, ಸೈಟಿನಲ್ಲಿ ಸಿಮೆಂಟಿನ ಮಾಲು ಹೊರುವವಳು.

“ಅಣ್ಣಾರ, ದುಡದು ತಿನ್ನಾವ್ರಿಗಿ ಬ್ಯಾರೆ ಶಬ್ದ ಅದ ಅಂದ್ರಲ್ರಿ?”

“ಅದ ತಂಗಿ, ಅದ!” ಎಂದೆ ಕೂತಲ್ಲಿಂದಲೇ. ಒಬ್ಬರಾದರೂ ಗಮನಕೊಟ್ಟು ಕೇಳಿದ್ದರಲ್ಲ!

“ಹಂಗಾದ್ರ ನಾವು ಆ ಶಬ್ದದವ್ರು. ಮತ್ತ ಮೂರು ವರ್ಷಾತು, ನಮ್ಮನಿಗಿ ಪಾಳಿ ಯಾಕ ಬರವಲ್ದು? ನಮ್ಮನ್ಯಾಗ ಚಾ ಆಗಂಗಿಲ್ಲೇನ್ರಿ? ನಾಳಿ ಬಿಟ್ಟು ಬರೋ ಐತಾರ ಸಂಭಾಜಿನಗರದ ಸೈಟಿಗಿ ಹೊಂಟೀವಿ. ಒಂದು ಸಲಾನೂ ನಮ್ಮನ್ಯಾಗ ಪ್ರಾರ್ಥನಿ ಆಗ್ದೇ ಹೋಗಬೇಕೇನ್ರಿ?”

ಮೊದಲು ನನಗೆ ಸಿಟ್ಟೇ ಬಂತು. ನನ್ನ ಮನೆಯಲ್ಲಿ, ನನ್ನ ಪ್ರಸಂಗದ ನಡುವೆ! ಆಮೇಲೆ ಕಿವಿ ಬಿಸಿಯಾಯಿತು. ದುಡಿಯುವವರನ್ನು ಮೂರು ವರ್ಷ ಬೇಡುವವನ ಆ ಮೂಲೆಯಲ್ಲಿ ಕೂರಿಸಿದ್ದವನು ನಾನೇ. ಎದ್ದೇಳಲು ಮಂಡಿ ಬೇರೆ ಸಹಕರಿಸಲಿಲ್ಲ. ಆ ನಾಚಿಕೆ ಈಗಲೂ ಇದೆ. ಮುಂದಿನ ಶನಿವಾರದ ಪಾಳಿಯವರು ಸಂತೋಷದಿಂದ ಬಿಟ್ಟುಕೊಟ್ಟರು.

ಗುರುವಾರ ಅವಳ ಫೋನು ಬಂತು. ಗುತ್ತಿಗೆದಾರ ಟೆಂಪೊವನ್ನು ಶನಿವಾರ ಬೆಳಿಗ್ಗೆಯೇ ಕಳಿಸುತ್ತಾನಂತೆ. “ಪಾಳಿ ಹೋತ್ರಿ ಅಣ್ಣಾರ” ಎಂದಳು. ಅಳುತ್ತಿದ್ದಳು.

“ಯಾಕ ಹೋಗ್ತದ? ಮುಂಜಾನಿ ಏಳಕ್ಕ ಬರ್ತೀವಿ, ಚಾ ಇಡು” ಎಂದೆ. ಎಲ್ಲ ಮನೆಗೂ ಫೋನು ಹಚ್ಚಿದೆ. ಡ್ಯೂಟಿ ಇದೆ, ಚಳಿ ಇದೆ ಎಂದವರನ್ನು ಬೈದೆ. ಹನ್ನೊಂದು ಜನ ಬಂದರು.

ಅವಳ ಶೆಡ್ಡಿನಲ್ಲಿ ಒಲೆಯ ಮೇಲಿನವು ಬಿಟ್ಟರೆ ಹಾಸಿಗೆ ಪಾತ್ರೆ ಎಲ್ಲ ಟೆಂಪೊ ಸೇರಿತ್ತು. ಗುಡಿಸಿದ ನೆಲದ ಮೇಲೆ ಒಂದು ಹೂವಿನ ಚಾದರ ಹಾಸಿದ್ದಳು. ಲೋಟಗಳೂ ಗಂಟಿನೊಳಗೆ ಹೋಗಿವೆಯೆಂದು ಆಗ ನೆನಪಾಗಿ, ಗಂಡ ಟೆಂಪೊ ಹತ್ತಿ ಗಂಟು ಬಿಚ್ಚಿ ತಂದ. ಅವಳು ಕಣ್ಣುಮುಚ್ಚಿ ಪ್ರಾರ್ಥಿಸಿದಳು. ನನ್ನ ಹೆಂಡತಿಯ ಸಕ್ಕರೆ ಕಾಯಿಲೆ, ಇನ್ನೊಬ್ಬರ ಮಗಳ ಪರೀಕ್ಷೆ, ನಮ್ಮೆಲ್ಲರ ಮನೆಗಳ ಸಂಕಟ ಅವಳಿಗೆ ಗೊತ್ತಿತ್ತು. ಅವಳ ಮನೆಯ ಒಂದು ಸಂಕಟವೂ ನನಗೆ ಗೊತ್ತಿರಲಿಲ್ಲ. ನಡುವೆ ಡ್ರೈವರ್ ಹಾರ್ನ್ ಬಾರಿಸಿದ. “ಥಾಂಬಾ ಭಾವು!” ಎಂದು ಮರಾಠಿಯಲ್ಲಿ ಅವನನ್ನು ತಡೆದು, ಆಮೆನ್ ಹೇಳಿ, ಒಳಗೆ ಕರೆದು ಅವನಿಗೂ ಚಹಾ ಕೊಟ್ಟಳು. ಚುರುಮುರಿಯ ಸುಸಲಾ ಮಾಡಿದ್ದಳು. ನಾನು ಎರಡು ಸಲ ಹಾಕಿಸಿಕೊಂಡೆ. ಅಷ್ಟು ಖುಷಿಯ ಪಾಳಿ ನಮ್ಮ ಕೂಟದಲ್ಲಿ ಆಗಿದ್ದೇ ಇಲ್ಲ.

“ಪಾಳಿ ಆತಂತ ಬರೀರಿ ಅಣ್ಣಾರ” ಎಂದಳು.

ವಹಿಯಲ್ಲಿ ಪ್ರತಿ ಹೆಸರಿನ ಮುಂದೆ ಮನೆಯ ವಿಳಾಸವಿದೆ. ಹೊರಗೆ ಆಗಲೇ ಒಬ್ಬ ಪತ್ರಾ ಬಿಚ್ಚತೊಡಗಿದ್ದ. “ಮನಿ ಅನ್ನೂ ಜಾಗಾದಾಗ ಏನ್ ಬರೀಲಿ ತಂಗಿ?” ಎಂದು ಕೇಳಿದೆ.

ತೊಳೆದ ಲೋಟಗಳನ್ನು ಗಂಟು ಕಟ್ಟುತ್ತಿದ್ದವಳು ತಲೆ ಎತ್ತಿದಳು. “ಇಷ್ಟೊತ್ತನಕ ಯಾರ ಮನ್ಯಾಗ ಕುಂತಿದ್ರಿ ಅಣ್ಣಾರ?”